ಮೂರನೇ ಮಹಡಿಯಿಂದ ಕಂಡಕ್ಟರು ಇಳಿದದ್ದು

ಬೆಲ್ ಒತ್ತಿದವನು ಬಾಗಿಲು ಪೂರ್ತಿ ತೆರೆಯುವ ಮೊದಲೇ, "ಮನೆ ತುಂಬಾ ಚೆನ್ನಾಗಿದೆ ಮೇಡಂ, ನಮಗೆ ಒಪ್ಪಿಗೆ" ಅಂದ. ಆ ಹೊತ್ತಿಗೆ ಅವನ ಕಣ್ಣಿಗೆ ಬಿದ್ದಿದ್ದು ನರ್ಸಮ್ಮನ ಮುಖ, ಅವರ ಕೈಯಲ್ಲಿದ್ದ ಒದ್ದೆ ಬಟ್ಟೆ, ಭುಜದ ಹಿಂದೆ ಇಣುಕುತ್ತಿದ್ದ ಗೋಡೆ ಗಡಿಯಾರ, ಅಷ್ಟೆ.

"ಏನು ಚೆನ್ನಾಗಿದೆ?" ಎಂದು ಕೇಳಿದರು ನರ್ಸಮ್ಮ.

"ಎಲ್ಲಾನೂ."

"ಒಳಗೆ ಬಂದು ನೋಡಿ ಹೇಳಿ. ಬಚ್ಚಲ ಗೋಡೆ ಬೆವರುತ್ತೆ. ಅಡುಗೆಮನೆ ನಲ್ಲಿ ಎಡಕ್ಕೆ ತಿರುಗಿಸಿದ್ರೆ ಕೈಗೇ ಬರುತ್ತೆ. ಲಿಫ್ಟಿಲ್ಲ."

"ಗೋಡೆ ಅಂದ್ಮೇಲೆ ಬೆವರದೆ ಇರುತ್ತಾ ಮೇಡಂ. ಅಡ್ವಾನ್ಸ್ ಯಾರ ಕೈಗೆ ಕೊಡ್ಲಿ?"

ನರ್ಸಮ್ಮ ಒದ್ದೆ ಬಟ್ಟೆಯನ್ನು ಹಿಂಡಿದರು. ಹಿಂಡಬೇಕೆನಿಸಿದ್ದು ಬೇರೆ ಏನನ್ನೋ. ಅವತ್ತು ಬೆಳಗಿನಿಂದ ಬಂದವರಲ್ಲಿ ಇವನು ಎಷ್ಟನೆಯವನೋ, ಲೆಕ್ಕ ಇಡುವುದನ್ನು ಅವರು ಯಾವತ್ತೋ ಬಿಟ್ಟಿದ್ದರು. ಮೆಟ್ಟಿಲ ಮೇಲೆ ಇನ್ನೂ ಜನ ನಿಂತಿದ್ದರು. ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ.

ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯುಷ್ಯವನ್ನೆಲ್ಲ ಕಳೆದವರು ಅವರು. ರೋಗಿಗಳನ್ನು ನೋಡಲು ಬರುವ ನೆಂಟರ ಹಿಂಡನ್ನು ಬರೀ ಗಂಟಲಿನಿಂದ ಹೊರಗಟ್ಟುತ್ತಿದ್ದವರು. ಆದರೆ ಆ ನೆಂಟರಿಗೆ ಹೋಗಲು ಒಂದು ಮನೆಯಿತ್ತು. ಈ ಜನಕ್ಕೆ ಅದೇ ಇಲ್ಲ. ಇಲ್ಲದವರನ್ನು ಹೇಗೆ ಗದರಿಸುವುದು? ಊರಿನಲ್ಲಿ ಮನೆಗಳಿಗಿಂತ ಮನೆ ಬೇಕಾದವರು ಹೆಚ್ಚಾಗಿದ್ದರು. ಅವರ ಸ್ವಂತ ಮಗಳೇ ಗಂಡನ ಮನೆಯವರ ಜೊತೆ ಎರಡು ಕೋಣೆಯಲ್ಲಿ ಆರು ಜನರಾಗಿ, ಸರದಿಯ ಮೇಲೆ ಕಾಲು ಚಾಚುತ್ತಿದ್ದಳು.

ಮಾರುವವರಿಗೆ ಇದು ಸುಗ್ಗಿ ಎಂದು ಎಲ್ಲರೂ ಹೇಳುತ್ತಿದ್ದರು. ನರ್ಸಮ್ಮನ ತಮ್ಮನಂತೂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಮನೆ ಕೊಡಿಸುವ, ಮಾರಿಸುವ ದಲ್ಲಾಳಿ ಅವನು. ಅಕ್ಕನ ಮನೆ ಮಾರಲು ಅವನೇ ನಿಂತಿದ್ದ. "ಅಕ್ಕಾ, ನೀನು ಹೂಂ ಅಂದ್ರೆ ಸಂಜೆಯೊಳಗೆ ಮಾರಿಸ್ತೀನಿ."

"ಸಂಜೆ ಮಾರಿಸ್ತೀಯ. ರಾತ್ರಿ ನಿಮ್ಮ ಭಾವನ್ನ ಎಲ್ಲಿ ಮಲಗಿಸ್ಲಿ?"

ಇಲ್ಲಿಗೆ ಬಂದರೆ ತಮ್ಮ ಫೋನು ಕಿವಿಗೆ ಇಟ್ಟುಕೊಂಡು ಮೆಟ್ಟಿಲ ಕಡೆ ಜಾರಿಕೊಳ್ಳುತ್ತಿದ್ದ.

ಮನೆ ಮಾರುವ ಮಾತು ಹುಟ್ಟಿದ್ದೇ ಭಾವನಿಂದ. ಅವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಓಡುವ ಬಸ್ಸಿನಲ್ಲಿ ಒಂದು ದಿನವೂ ಎಡವದ ಮನುಷ್ಯ, ತರಕಾರಿ ಚೀಲ ಹಿಡಿದು ಸ್ವಂತ ಮನೆಯ ಮೆಟ್ಟಿಲು ಹತ್ತುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಸಮ ನೆಲದ ಮೇಲೆ ಕೋಲೂರಿಕೊಂಡು ನಡೆಯುತ್ತಿದ್ದರು. ಮೆಟ್ಟಿಲು ಮಾತ್ರ ಜನ್ಮದಲ್ಲಿ ಬೇಡ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಅಂದಿನಿಂದ ಕಂಡಕ್ಟರ ಕಾಲು ಬೀದಿಯನ್ನು ಮುಟ್ಟಿರಲಿಲ್ಲ. ಒಂದು ಮಳೆಗಾಲ ಹೋಗಿ ಇನ್ನೊಂದು ಬಂದಿತ್ತು.

ಅಕ್ಕಪಕ್ಕದವರನ್ನು ಕರೆದು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತೇನೆ ಎಂದು ನರ್ಸಮ್ಮ ಎಷ್ಟೋ ಸಲ ಹೇಳಿದ್ದರು. ಅವರು ಒಪ್ಪುತ್ತಿರಲಿಲ್ಲ. "ನಾಲ್ಕು ಜನ ನನ್ನನ್ನ ಹೊರೋದು ಒಂದೇ ಸಲ ಕಣೇ. ಅದಕ್ಕಿನ್ನೂ ಟೈಮಿದೆ" ಎಂದು ನಗುತ್ತಿದ್ದರು.

ಆಮೇಲಾಮೇಲೆ ಆ ನಗೆಯೂ ನಿಂತಿತು. ದಿನವಿಡೀ ನೂರಾರು ಜನರ ಜೊತೆ ಮಾತಾಡಿ ಬದುಕಿದವರು, ಮಧ್ಯಾಹ್ನ ಮಲಗಿದರೆ ಗೋಡೆಯ ಕಡೆ ತಿರುಗಿ ಮಲಗತೊಡಗಿದರು. ಕರೆದರೂ ತಿರುಗುತ್ತಿರಲಿಲ್ಲ. ಮುಖವನ್ನು ಗೋಡೆಗೆ ಹಾಕಿದ ರೋಗಿಗಳನ್ನು ನರ್ಸಮ್ಮ ವಾರ್ಡಿನಲ್ಲಿ ಕಂಡಿದ್ದರು. ಅವರಲ್ಲಿ ಹೆಚ್ಚಿನವರು ಮನೆಗೆ ಮರಳಲಿಲ್ಲ ಎನ್ನುವುದೂ ಅವರಿಗೆ ಗೊತ್ತಿತ್ತು. ಅದನ್ನು ಅವರು ಯಾರಿಗೂ ಹೇಳಲಿಲ್ಲ, ದೇವರೊಬ್ಬನಿಗೆ ಬಿಟ್ಟು. "ನನಗೆ ಅರಮನೆ ಬೇಡಪ್ಪಾ, ನೆಲದ ಮೇಲಿನ ಒಂದು ಮನೆ ಕೊಡು" ಎಂದು ದಿನಾ ಬೆಳಿಗ್ಗೆ ಕೈಮುಗಿದು, ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಹೊರಡುತ್ತಿದ್ದರು.

ಹೋದಲ್ಲೆಲ್ಲ ಅದೇ ಹಾಡು. ಇವರ ಮನೆಯ ಮೆಟ್ಟಿಲ ಮೇಲೆ ಹೇಗೆ ಜನವೋ, ಮಾರಾಟಕ್ಕಿದ್ದ ಪ್ರತಿ ಮನೆಯ ಮುಂದೆಯೂ ಹಾಗೇ ಜನ. ಇವರು ಮುಟ್ಟುವಷ್ಟರಲ್ಲಿ, "ಅಯ್ಯೋ, ಈಗಷ್ಟೇ ಮುಗೀತಲ್ಲಮ್ಮ." ಬೇರೆಯವರ ಬಾಗಿಲಲ್ಲಿ ತಾವೂ ನಿಂತು, "ತುಂಬಾ ಚೆನ್ನಾಗಿದೆ ಮನೆ" ಎಂದು ಹಲ್ಲು ಕಿರಿದದ್ದುಂಟು. ಮನೆಗೆ ಬಂದು ನೆನಪಾದಾಗ ತಮ್ಮ ಮೇಲೇ ಉರಿ ಬರುತ್ತಿತ್ತು.

ಇದರ ಮೇಲೆ ಇನ್ನೊಂದು ಕಿರಿಕಿರಿ. ಹೊಸ ಕಟ್ಟಡಗಳ ಮುಂದಿನ ಸಾಲಿನಲ್ಲಿ ಪದೇ ಪದೇ ಕಣ್ಣಿಗೆ ಬೀಳುತ್ತಿದ್ದುದು ಟೈಲರಮ್ಮ. ನರ್ಸಮ್ಮ ಇದ್ದ ಕಟ್ಟಡದಲ್ಲೇ, ಇವರ ನೇರ ಕೆಳಗೆ, ನೆಲಮಹಡಿಯ ಮನೆ ಆಕೆಯದು. ಸಿದ್ಧ ಉಡುಪಿನ ಅಂಗಡಿಯೊಂದಕ್ಕೆ ಮನೆಯಲ್ಲೇ ಕೂತು ಅಂಗಿ ಹೊಲಿದುಕೊಡುವ ಹೆಂಗಸು, ಒಂಟಿ ಜೀವ. ಒಂದು ದಿನ ನರ್ಸಮ್ಮ ಬಾಲ್ಕನಿ ತೊಳೆದ ನೀರು, ಆಕೆ ಒಣಗಲು ಹಾಕಿದ್ದ ಬಿಳಿ ಅಂಗಿಗಳ ಮೇಲೆ ಬಿದ್ದಿತ್ತು. "ಕಣ್ಣು ನೆತ್ತಿ ಮೇಲಿದೆಯಾ?" ಎಂದು ಅಲ್ಲಿಂದ, "ಆಕಾಶದ ಕೆಳಗೆ ಹಾಕಿದ್ರೆ ನೀರು ಬೀಳದೆ ಹಾಲು ಬೀಳುತ್ತಾ?" ಎಂದು ಇಲ್ಲಿಂದ. ಅಷ್ಟೇ. ಆಮೇಲೆ ಆರು ವರ್ಷ ಇಬ್ಬರೂ ಹಾವು ಮುಂಗುಸಿ. ಮೆಟ್ಟಿಲ ಬುಡದಲ್ಲಿ ಎದುರಾದರೆ ಒಬ್ಬರು ಬೀದಿ ನೋಡುತ್ತಿದ್ದರು, ಇನ್ನೊಬ್ಬರು ಗೋಡೆ.

"ತನ್ನದೇ ನೆಲಮಹಡಿ ಮನೆ ಇದೆ. ಇನ್ನೊಂದಕ್ಕೆ ಬಾಯಿ ಬಿಡ್ತಾಳಲ್ಲ, ದುರಾಸೆಗೂ ಒಂದು ಮಿತಿ ಬೇಡವಾ?" ಎಂದು ಸಾಲಿನಲ್ಲಿ ನಿಂತ ನರ್ಸಮ್ಮ ಹಲ್ಲು ಕಡಿಯುತ್ತಿದ್ದರು. ಟೈಲರಮ್ಮನೂ ಎರಡಾಳು ಮುಂದೆ ನಿಂತು ಬೇಕೆಂದೇ ಹಿಂದೆ ತಿರುಗುತ್ತಿರಲಿಲ್ಲ.

ಇತ್ತ ಮನೆಯಲ್ಲಿ ಬೇರೆಯೇ ಕಥೆ. ನೋಡಲು ಬರುವ ಜನರಿಂದ ಹೆಂಡತಿಯ ತಲೆ ಚಿಟ್ಟು ಹಿಡಿಯುತ್ತಿದ್ದರೆ, ಗಂಡನಿಗೆ ಜೀವ ಬರುತ್ತಿತ್ತು. ಕಂಡಕ್ಟರು ಹಾಲಿನ ಕೈಕುರ್ಚಿಯಲ್ಲಿ ಕೂತು, "ಒಳಗೆ ಬನ್ನಿ, ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಲಬೇಡಿ, ಮುಂದೆ ಜಾಗ ಇದೆ" ಎನ್ನುವರು. ಒಬ್ಬೊಬ್ಬರನ್ನೂ ಎಲ್ಲಿಂದ ಬಂದಿರಿ, ಯಾವ ಬಸ್ಸು ಹಿಡಿದಿರಿ ಎಂದು ವಿಚಾರಿಸುವರು. ಟೇಪು ಹಿಡಿದ ಒಬ್ಬಾಕೆ, ಅವರು ಮಂಚದ ಮೇಲೆ ಮಲಗಿರುವಾಗಲೇ ಕೋಣೆಯ ಅಳತೆ ತೆಗೆದಳು. "ಕಾಲು ಸ್ವಲ್ಪ ಮಡಚ್ತೀರಾ ಸಾರ್?" ಅಂದಳಂತೆ. ಇವರು ಮಡಚಿದರಂತೆ. ಸಾಲದು ಎಂದು ಹೋಗುವಾಗ, "ನಾಳೆನೂ ಬನ್ನಿ, ಇನ್ನೊಂದ್ಸಲ ನೋಡಿದ್ರೆ ತಪ್ಪೇನಿಲ್ಲ" ಎಂದು ಎಲ್ಲರಿಗೂ ಹೇಳಿ ಕಳಿಸುತ್ತಿದ್ದರು. ಅವರೂ ಬರುತ್ತಿದ್ದರು.

"ರೀ, ನಾನು ಮನೆ ಮಾರ್ತಿದೀನಾ, ಸಂತೆ ನಡೆಸ್ತಿದೀನಾ?"

"ಜನ ಬಂದ್ರೆ ಬರ್ಲಿ ಬಿಡೇ. ನನ್ನ ಕಾಲಂತೂ ಅವರ ಹತ್ರ ಹೋಗಲ್ಲ."

ಆ ಮಾತು ಕೇಳಿದ ಮೇಲೆ ಬೈಯಲು ನಾಲಗೆ ಏಳುತ್ತಿರಲಿಲ್ಲ. ಬೈಯದೆ ಇರಲೂ ಆಗುತ್ತಿರಲಿಲ್ಲ. ನರ್ಸಮ್ಮ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕುತ್ತಿದ್ದರು.

ಹೀಗಿರುವಾಗ ಬಂದವನು, ಆಮೇಲೆ ಬೀರುವಿನವನು ಎಂದೇ ಹೆಸರಾದವನು. ದಪ್ಪ ಮೀಸೆ, ಸಣ್ಣ ಧ್ವನಿ. ಮನೆ ನೋಡಿದ. ನಮಗೆ ನೆಲಮಹಡಿ ಮನೆ ಸಿಗುವ ತನಕ ಇದನ್ನು ಬಿಟ್ಟುಕೊಡುವುದಿಲ್ಲ ಎಂದು ನರ್ಸಮ್ಮ ಎಲ್ಲರಿಗೂ ಹೇಳುವ ಹಾಗೆ ಅವನಿಗೂ ಹೇಳಿದರು. "ಕಾಯ್ತೀನಿ ಮೇಡಂ, ಅವಸರ ಇಲ್ಲ" ಎಂದು ಕೈಮುಗಿದು ಹೋದ. ಸಭ್ಯ ಮನುಷ್ಯ ಅಂದುಕೊಂಡರು. ಮರುದಿನ ನರ್ಸಮ್ಮ ಯಾವುದೋ ಮನೆ ನೋಡಿ, ಕೈತಪ್ಪಿ, ಬಿಸಿಲಲ್ಲಿ ಬೆಂದು ವಾಪಸು ಬಂದರೆ, ಹಾಲಿನಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ ಒಂದು ಕಬ್ಬಿಣದ ಬೀರು ನಿಂತಿತ್ತು. ಆನೆಯಂಥ ಬೀರು. ಬೀಗ ಹಾಕಿತ್ತು.

"ಏನ್ರೀ ಇದು?"

"ಬೀರು."

"ಅದು ಕಾಣುತ್ತೆ. ಯಾರದ್ದು?"

"ಆ ಮೀಸೆಯವನದು. ಬಸ್ಸಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕ್ತಾರಲ್ಲ, ಹಾಗೆ. ನಾಲ್ಕು ಜನ ಹೊತ್ತು ತಂದ್ರು. ಪಾಪ, ಬೆವರು ಸುರೀತಿತ್ತು, ನೀರು ಕೊಟ್ಟೆ."

"ನೀರು ಕೊಟ್ರಾ!"

"ಏನೇ ಆಗ್ಲಿ, ಟವೆಲ್ ಹಾಕಿದವನಿಗೆ ಸೀಟು. ಅದು ಧರ್ಮ."

ಆ ಬೀರುವಿನ ಪಕ್ಕದಿಂದ ಕೋಲೂರಿಕೊಂಡು ಬಚ್ಚಲಿಗೆ ಹೋಗಲು ಕಂಡಕ್ಟರಿಗೆ ಜಾಗ ಉಳಿದಿರಲಿಲ್ಲ. ಕೋಲನ್ನು ಹೊರಗೆ ಬಿಟ್ಟು, ಅಡ್ಡಡ್ಡವಾಗಿ, ಬೀರುವನ್ನು ತಬ್ಬಿಕೊಂಡು ಹೋಗಬೇಕು. ಅವರು ಹಾಗೆ ತಬ್ಬಿಕೊಂಡು ಹೋಗುವುದನ್ನು ನೋಡಿದಾಗ ನರ್ಸಮ್ಮನ ತಾಳ್ಮೆಯ ಕಟ್ಟೆ ಒಡೆಯಿತು.

ಮರುದಿನ ಬೆಳಿಗ್ಗೆ ಬೀರುವಿನವನು ತನ್ನ ಬೀರು ಕ್ಷೇಮವೇ ಎಂದು ನೋಡಲು ಬಂದ. ಅವನ ಹಿಂದೆ ಎಂದಿನಂತೆ ಮೆಟ್ಟಿಲ ತುಂಬ ಜನ. ನರ್ಸಮ್ಮ ಬಾಗಿಲಿಗೆ ಅಡ್ಡ ನಿಂತರು. ವಾರ್ಡಿನಲ್ಲಿ ಬಿಟ್ಟುಬಂದಿದ್ದ ಗಂಟಲು ತಾನಾಗಿ ವಾಪಸು ಬಂತು.

"ಎಲ್ಲರೂ ಕೇಳಿಸ್ಕೊಳ್ಳಿ! ಈ ಮಹಾನುಭಾವ ಒಂದು ಬೀರುನ ಮೂರು ಮಹಡಿ ಹತ್ತಿಸಿದಾನೆ. ಯಾರ ಪುರುಷಾರ್ಥಕ್ಕೆ? ಬೀರು ಹೊರೋಕೆ ಜನ ಸಿಗ್ತಾರೆ. ನನ್ನ ಗಂಡ ಬೀದಿ ಕಾಣದೆ ಗೋಡೆ ನೋಡ್ತಾ ಮಲಗಿದಾರೆ, ಅವರನ್ನ ಕೇಳೋರಿಲ್ಲ. ಇವತ್ತಿಂದ ಈ ಮನೆ ನೋಡಬೇಕು ಅಂದ್ರೆ ಬೆಳಿಗ್ಗೆ ಅವರನ್ನ ಕೆಳಗೆ ಇಳಿಸ್ಬೇಕು, ಸಂಜೆ ಮೇಲೆ ಹತ್ತಿಸ್ಬೇಕು. ಆಗಲ್ಲ ಅನ್ನೋರು ಈಗಲೇ ಹೊರಡಿ!"

ಉರಿಯಲ್ಲಿ ಆಡಿದ ಮಾತು ಅದು. ಇಷ್ಟಾದರೂ ಕೆಲವರು ತೊಲಗಲಿ ಎನ್ನುವುದೊಂದೇ ಅವರ ಎಣಿಕೆ. ಒಬ್ಬರೂ ತೊಲಗಲಿಲ್ಲ. ಕೆಳಗಿನ ತಿರುವಿನಿಂದ ಹೊಸದಾಗಿ ಮದುವೆಯಾದ ಹುಡುಗ ತೋಳು ಮಡಚುತ್ತಾ, "ನಾನು ಮೊದಲು ಬಂದಿದ್ದು, ನಾನು ಹೊರ್ತೀನಿ" ಅಂದ. ಟೇಪಿನಾಕೆ ಕುರ್ಚಿಯ ಅಗಲವನ್ನೂ ಮೆಟ್ಟಿಲ ಅಗಲವನ್ನೂ ಅಳೆದು, "ಆರಾಮಾಗಿ ಹೋಗುತ್ತೆ" ಎಂದು ತೀರ್ಪು ಕೊಟ್ಟಳು.

ನರ್ಸಮ್ಮ ಗಂಡನ ಕಡೆ ತಿರುಗಿದರು. ಆತ ಒಪ್ಪುವುದಿಲ್ಲ ಎಂದು ಅವರಿಗೆ ಖಾತ್ರಿಯಿತ್ತು.

ಕಂಡಕ್ಟರು ಗಲ್ಲ ಕೆರೆದುಕೊಂಡರು. "ಉಪಕಾರಕ್ಕೆ ಹೊರ್ತೀವಿ ಅಂದಿದ್ರೆ ಬೇಡ ಅಂತಿದ್ದೆ. ಇವರಿಗೂ ಗರಜಿದೆ, ನನಗೂ ಇದೆ. ಆದ್ರೆ ನಾಲ್ಕು ಜನ ಬೇಡ. ಐದು ಜನ ಹೊರ್ಲಿ."

ಐದನೆಯವನು ಹಿಡಿಯಲು ಕುರ್ಚಿಗೆ ಕಾಲಿರಲಿಲ್ಲ. ಬೀರುವಿನವನು ಕೋಲು ಹಿಡಿದು ಮುಂದೆ ನಡೆದ. "ಹಿಂದಿನವರು ಕುರ್ಚಿ ಎತ್ತಬೇಡಿ, ಮುಂದಿನವರು ಇಳಿಸಬೇಡಿ, ಒಂದೇ ಸಮ" ಎಂದು ನರ್ಸಮ್ಮ ಮೇಲಿನಿಂದ ಕೂಗಿದರು. ಕುರ್ಚಿಯ ಮೇಲೆ ಕೂತ ಕಂಡಕ್ಟರು ಪ್ರತಿ ತಿರುವಿನಲ್ಲೂ, "ರೈಟ್, ರೈಟ್... ಹೋಲ್ಡಾನ್!" ಎನ್ನುತ್ತಿದ್ದುದು ಕಟ್ಟಡಕ್ಕೆಲ್ಲ ಕೇಳಿಸಿತು. ಕೆಳಗೆ ತಲುಪಿದಾಗ ಯಾರೋ ಚಪ್ಪಾಳೆ ಹೊಡೆದರು. ನರ್ಸಮ್ಮ ಬಾಗಿಲ ಹಿಂದೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಮುಖ ಗಂಟಿಕ್ಕಿಕೊಂಡು ಹೊರಗೆ ಬಂದರು. "ಹೂಂ, ಬನ್ನಿ. ಇದು ಬಚ್ಚಲು. ಗೋಡೆ ಬೆವರುತ್ತೆ."

ಅಂದು ಕಂಡಕ್ಟರು ಕಟ್ಟಡದ ಬಾಗಿಲ ಪಕ್ಕದ ನೆರಳಿನಲ್ಲಿ ದಿನವೆಲ್ಲ ಕೂತಿದ್ದರು. ಸಂಜೆ ನರ್ಸಮ್ಮ ಬಾಲ್ಕನಿಯಿಂದ ಬಗ್ಗಿ ನೋಡಿದರು. ಕಂಡಕ್ಟರ ಎದುರಿಗೆ, ತನ್ನ ಬಾಗಿಲ ಹೊಸ್ತಿಲ ಮೇಲೆ ಕೂತು, ಮಡಿಲಲ್ಲಿ ಕಪ್ಪು ಬಟ್ಟೆ ಹಾಕಿಕೊಂಡು ಮಾತಾಡುತ್ತಿದ್ದುದು ಟೈಲರಮ್ಮ! ಇಬ್ಬರೂ ನಗುತ್ತಿದ್ದರು ಬೇರೆ.

ಐದು ಜನ ಅವರನ್ನು ಮೇಲೆ ತಂದು ಇಳಿಸಿ ಹೋಗುವ ತನಕ ನರ್ಸಮ್ಮ ಕಾದರು. ಆಮೇಲೆ, "ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ ನಿಮಗೆ ಹಲ್ಲು ಬಿಡೋಕೆ?" ಅಂದರು.

"ಅವಳಿಗೆ ಮನೆ ಬೇಕಂತೆ ಕಣೇ."

"ಗೊತ್ತು. ಊರಿನ ಮನೆಗಳೆಲ್ಲ ಬೇಕು ಅವಳಿಗೆ."

"ಎಲ್ಲ ಅಲ್ಲ. ಮೇಲಿನ ಮಹಡೀದು. ಕೆಳಗೆ ಬೆಳಕೇ ಬರಲ್ಲ. ಹಗಲೊತ್ತೂ ಬಲ್ಬು. ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣದೆ ಗುಂಡಿ ತೂತಿನ ಹೊಲಿಗೆ ಸೊಟ್ಟ ಹೋಗ್ತಿದೆಯಂತೆ. ಅಂಗಡಿಯವನು ಬೈತಾನಂತೆ. ಇದ್ದ ಮನೆ ಮಾರಿ ಬೆಳಕಿರೋ ಮನೆ ತಗೋಬೇಕು ಅಂತ ಊರೆಲ್ಲ ಸುತ್ತಿ ಸೋತಿದಾಳೆ. ನಿನ್ನ ತಮ್ಮನಿಗೂ ಹೇಳಿಟ್ಟಿದಾಳೆ."

ನರ್ಸಮ್ಮ ಮಂಚದ ಮೇಲೆ ಕೂತರು. ಎಷ್ಟು ಬಿಸಿಲು, ಎಷ್ಟು ಸಾಲು, ಎಷ್ಟು ಬಾಗಿಲು! ಆ ಹೆಂಗಸಿನ ಬೆನ್ನು ನೋಡುತ್ತಾ ನಿಂತ ಎಲ್ಲ ಮಧ್ಯಾಹ್ನಗಳೂ ಒಟ್ಟಿಗೆ ನೆನಪಾದವು. ಒಬ್ಬರು ಹಿಂದೆ ತಿರುಗಿದ್ದರೆ ಸಾಕಿತ್ತು. ಫೋನು ಎತ್ತಿ ತಮ್ಮನನ್ನು ಕರೆಸಿದರು.

"ಲೋ, ಟೈಲರಮ್ಮನಿಗೆ ಮೇಲಿನ ಮನೆ ಬೇಕು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನಗೆ ಕೆಳಗಿನದು ಬೇಕು ಅಂತ?"

"ಅದೂ ಗೊತ್ತಿತ್ತು."

"ಮತ್ತೆ ಹೇಳಕ್ಕೇನಾಗಿತ್ತು ನಿನಗೆ?"

ತಮ್ಮ ಅಳುಮೋರೆ ಮಾಡಿದ. "ಆ ಹೆಂಗಸಿನ ಸುದ್ದಿ ಈ ಮನೇಲಿ ಎತ್ತಿದ್ರೆ ಕಾಲು ಮುರೀತೀನಿ ಅಂದವಳು ನೀನೇ ಅಲ್ವಾ ಅಕ್ಕಾ? ಆಯಮ್ಮನೂ ಅಷ್ಟೇ. ಯಾವ ಮನೆ ಬೇಕಾದ್ರೂ ತೋರ್ಸು, ಆ ನರ್ಸಮ್ಮನದು ಒಂದು ಬಿಟ್ಟು ಅಂದ್ರು. ಇಬ್ಬರ ಮಾತೂ ನಡೆಸಿಕೊಟ್ಟೆ. ಈಗ ನಾನೇ ಕೆಟ್ಟವನಾ?"

ಕಂಡಕ್ಟರು ನಕ್ಕು ನಕ್ಕು ಸೊಂಟ ಹಿಡಿದುಕೊಂಡರು. ತಮ್ಮ ತಗ್ಗಿದ ದನಿಯಲ್ಲಿ ಮುಂದುವರಿಸಿದ: "ಆದ್ರೂ ಅಕ್ಕಾ, ಬೀರುವಿನವನು ಎಲ್ಲರಿಗಿಂತ ಹೆಚ್ಚು ಕೊಡ್ತೀನಿ ಅಂತಿದಾನೆ. ಯೋಚನೆ ಮಾಡು."

"ಆ ದುಡ್ಡು ತಗೊಂಡು ನಿಮ್ಮ ಭಾವನ್ನ ಎಲ್ಲಿ ಕೂರಿಸ್ಲೋ? ಅವನ ಬೀರು ಒಳಗಾ?"

ಮರುದಿನ ಬೆಳಿಗ್ಗೆ ನರ್ಸಮ್ಮ ಮೆಟ್ಟಿಲಿಳಿದು ಟೈಲರಮ್ಮನ ಬಾಗಿಲು ತಟ್ಟಿದರು. ತೆರೆದ ಮೇಲೆ ಇಬ್ಬರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅಭ್ಯಾಸಬಲದಿಂದ ಒಬ್ಬರು ಬೀದಿ ನೋಡಿದರು, ಇನ್ನೊಬ್ಬರು ಗೋಡೆ.

"ನಮ್ಮ ಮನೆಯವರು ಹೇಳಿದ್ರು" ಅಂದರು ನರ್ಸಮ್ಮ ಬೀದಿಗೆ.

"ಬಂದು ನೋಡ್ಬೇಕು ನಾನು. ಸುಮ್ನೆ ಹೂಂ ಅನ್ನೋಳಲ್ಲ" ಅಂದರು ಟೈಲರಮ್ಮ ಗೋಡೆಗೆ.

ಬಂದು ನೋಡಿದರು. ಊರಿನಲ್ಲಿ ಯಾರೂ ನೋಡದ ಹಾಗೆ ನೋಡಿದರು. ಬಚ್ಚಲ ಗೋಡೆ ಮುಟ್ಟಿ ಮೂಗು ಮುರಿದರು. ನಲ್ಲಿ ಕೈಗೆ ಬಂದಾಗ, "ಇದನ್ನ ಸರಿ ಮಾಡಿಸಿ ಕೊಡಿ" ಅಂದರು. ನರ್ಸಮ್ಮನಿಗೆ ಸಿಟ್ಟೂ ಬಂತು, ಒಳಗೊಳಗೇ ಹಾಯೆನಿಸಿತು ಕೂಡ. ಇಷ್ಟು ದಿನದಲ್ಲಿ ಮನೆಯ ಹುಳುಕನ್ನು ಹುಳುಕು ಎಂದವರಲ್ಲಿ ಈಕೆಯೇ ಮೊದಲಿಗರು. ಕೊನೆಗೆ ಟೈಲರಮ್ಮ ಬಾಲ್ಕನಿಯ ಪಕ್ಕದ ಕಿಟಕಿಯಲ್ಲಿ ನಿಂತು, ಸೊಂಟದ ಚೀಲದಿಂದ ಸೂಜಿ ತೆಗೆದು ಕಪ್ಪು ದಾರ ಪೋಣಿಸಿದರು. ಮೊದಲ ಸಲಕ್ಕೇ ಹೋಯಿತು.

"ಇಷ್ಟು ಬೆಳಕು ಇಟ್ಕೊಂಡು ಇಲ್ಲಿ ಬರೀ ನೆಲ ತೊಳೀತಿದ್ರಲ್ಲ ನೀವು."

"ಅವತ್ತಿನ ಅಂಗಿಗಳು..." ಎಂದು ನರ್ಸಮ್ಮ ಶುರು ಮಾಡಿದರು.

"ಆರು ವರ್ಷ ಆಯ್ತು. ಹಾಕ್ಕೊಂಡವರು ಹರಿದೂ ಹಾಕಿರ್ತಾರೆ. ಬಿಡಿ."

ಮನೆಗೆ ಮನೆ ಬದಲಾಯಿಸುವುದೆಂದು ಮಾತಾಯಿತು. ಬೆಲೆಯ ಹೆಚ್ಚುಕಡಿಮೆಯನ್ನು ತಮ್ಮ ಕೂತು ಸರಿದೂಗಿಸಿದ. ಅಕ್ಕನ ಹತ್ತಿರ ದಲ್ಲಾಳಿ ಪಾಲು ಕೇಳಲು ಮುಖವಿಲ್ಲದೆ ಎರಡು ವಾರ ಮುಖ ಊದಿಸಿಕೊಂಡು ಓಡಾಡಿದ. ಮನೆ ಕೈತಪ್ಪಿತೆಂದು ತಿಳಿದ ಮೇಲೂ ಹೊಸ ಮದುವೆಯ ಹುಡುಗ ಮಾತ್ರ ದಿನಾ ಬಂದು ಅಕ್ಕಪಕ್ಕದವರನ್ನು ಸೇರಿಸಿಕೊಂಡು ಕುರ್ಚಿ ಹಿಡಿದ. ಯಾಕೆ ಎಂದರೆ, "ಅಭ್ಯಾಸ ಆಗಿಹೋಯ್ತು ಆಂಟಿ" ಅಂದ. ಅವನ ಮುಖ ನೋಡಿದಾಗ ನರ್ಸಮ್ಮನಿಗೆ ಮಗಳ ಎರಡು ಕೋಣೆ ನೆನಪಾಗುತ್ತಿತ್ತು. ಏನು ಮಾಡಲೂ ತೋಚದೆ ಅವನಿಗೆ ಇನ್ನೊಂದು ಲೋಟ ಚಹಾ ಬಗ್ಗಿಸುತ್ತಿದ್ದರು. ಬೀರುವಿನವನು ಬೀರುವನ್ನು ಇಳಿಸುವಾಗ ಟೈಲರಮ್ಮನ ಬಾಗಿಲ ಮುಂದೆ ನಿಂತು ಉಸಿರು ಬಿಟ್ಟು, "ಇದೇನಾದ್ರೂ ಮಾರಾಟಕ್ಕಿದೆಯಾ?" ಎಂದು ಕೇಳಿದನಂತೆ. ಕಂಡಕ್ಟರು, "ಟವೆಲ್ ಬಿದ್ದಾಗಿದೆ ಸ್ವಾಮಿ, ಮುಂದೆ ಹೋಗಿ" ಅಂದರಂತೆ.

ಕೆಳಗಿನ ಮನೆಗೆ ಬಂದ ಮಾರನೆಯ ಬೆಳಿಗ್ಗೆ ನರ್ಸಮ್ಮ ಬಚ್ಚಲಿನಿಂದ ಹೊರಗೆ ಬಂದರೆ ಕೈಕುರ್ಚಿ ಖಾಲಿ. ಮಂಚ ಖಾಲಿ. ಕೋಲಿಲ್ಲ. ಬಾಗಿಲು ಹಾರು ಹೊಡೆದಿತ್ತು. "ಮೆಟ್ಟಿಲು!" ಎಂದು ಕೂಗಿಕೊಂಡು ಓಡಿದವರು, ಹೊಸ್ತಿಲು ದಾಟಿ ಎರಡು ಹೆಜ್ಜೆ ಹಾಕಿದ ಮೇಲೆ ನೆನಪಾಗಿ ನಿಂತರು. ಮೆಟ್ಟಿಲೆಲ್ಲಿದೆ? ಎದುರಿಗಿದ್ದದ್ದು ಬೀದಿ.

ಬೀದಿಯ ತಿರುವಿನ ಬಸ್‌ಸ್ಟಾಪಿನಲ್ಲಿ ಒಂದು ಬಸ್ಸು ನಿಂತಿತ್ತು. ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಕೋಲೂರಿ ನಿಂತ ಕಂಡಕ್ಟರು ಅಲ್ಲಿ, ತನ್ನದಲ್ಲದ ಬಸ್ಸಿನ ಜನಕ್ಕೆ, "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯದಲ್ಲಿ ಜಾಗ ಇದೆ" ಎಂದು ಗದರಿಸುತ್ತಿದ್ದರು.

ನರ್ಸಮ್ಮ ಒದ್ದೆ ಕೂದಲಲ್ಲೇ ಹೋಗಿ ಅವರ ತೋಳು ಹಿಡಿದರು. "ಹೇಳಿ ಹೋಗೋಕೆ ಏನು ಧಾಡಿ ನಿಮಗೆ? ನನ್ನ ಜೀವ ಬಾಯಿಗೆ ಬಂದಿತ್ತು!"

"ಹೇಳಿದ್ರೆ ನೀನೂ ಜೊತೆಗೆ ಬರ್ತಿದ್ದೆ. ಒಬ್ಬನೇ ಬರ್ಬೇಕಿತ್ತು ಕಣೇ, ಒಂದ್ಸಲ."

ಬಸ್ಸು ಹೊರಟಿತು. ಕಂಡಕ್ಟರು ಅದರ ಮೈಗೆ ಎರಡು ಸಲ ಬಡಿದು, "ರೈಟ್" ಅಂದರು. ಇಬ್ಬರೂ ಮನೆಯ ಕಡೆ ನಿಧಾನಕ್ಕೆ ತಿರುಗಿದರು. ನರ್ಸಮ್ಮ ತಲೆಯೆತ್ತಿ ಒಮ್ಮೆ ಆಕಾಶ ನೋಡಿದರು. ಕೈ ಮುಗಿಯಲು ಗಂಡನ ತೋಳು ಬಿಡಬೇಕಿತ್ತು. ಬಿಡಲಿಲ್ಲ.

"ಕೊಟ್ಟೆಯಪ್ಪಾ, ಇಲ್ಲ ಅನ್ನಲ್ಲ" ಎಂದು ಮನಸ್ಸಿನಲ್ಲೇ ಅಂದುಕೊಂಡರು. "ಆದ್ರೆ ನನ್ನ ಕಾಲ ಕೆಳಗೇ ಇಟ್ಟು ಊರೆಲ್ಲ ಸುತ್ತಿಸಿದೆಯಲ್ಲ."

ಮೂರನೇ ಮಹಡಿಯ ಕಿಟಕಿಯಿಂದ ಹೊಲಿಗೆ ಮಷೀನಿನ ಸದ್ದು ಆಗಲೇ ಶುರುವಾಗಿತ್ತು.